ನೀರೇ ಮುಚ್ಚಳ: ಕಾಂಗೋ ಜೌಗಿನ ಇಂಗಾಲ

(ಮಹಿಳಾ ವೇದಿಕೆಯ ಸಭೆಯಲ್ಲಿ ನೀಡಿದ ಉಪನ್ಯಾಸ)



ಉಪ್ಪಿನಕಾಯಿ ಹಾಕುವವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಹೋಳುಗಳು ರಸದಲ್ಲಿ ಮುಳುಗಿರುವವರೆಗೆ ಕೆಡುವುದಿಲ್ಲ. ರಸ ಇಳಿದು ಹೋಳಿಗೆ ಗಾಳಿ ತಾಗಿದರೆ ಬೂಷ್ಟು ಬರುತ್ತದೆ. ಆಫ್ರಿಕಾದ ಕಾಂಗೋ ನದಿಯ ಜಲಾನಯನ ಪ್ರದೇಶದಲ್ಲಿ ಇದೇ ನಿಯಮ ಬಹು ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿದೆ.

ಅಲ್ಲಿಯ ನಡುಭಾಗದ ತಗ್ಗು ಪ್ರದೇಶಕ್ಕೆ ಕ್ಯುವೆಟ್ ಸೆಂಟ್ರಾಲ್ ಎಂದು ಹೆಸರು. ಕಾಡಿನಿಂದ ಉದುರಿದ ಎಲೆ, ಕೊಂಬೆ, ಸತ್ತ ಬೇರು ಎಲ್ಲವೂ ಅಲ್ಲಿ ನಿಂತ ನೀರಿನಲ್ಲಿ ಮುಳುಗುತ್ತವೆ. ಆಮ್ಲಜನಕ ಸಿಗದೆ ಸೂಕ್ಷ್ಮಜೀವಿಗಳ ಕೆಲಸ ನಿಧಾನವಾಗುತ್ತದೆ. ಹೀಗೆ ಪೂರ್ತಿ ಕೊಳೆಯದೆ ಉಳಿದ ರಾಶಿಯೇ ಪೀಟ್. ಹತ್ತು ಸಾವಿರ ವರ್ಷಗಳಿಗೂ ಹಿಂದಿನಿಂದ ಅದು ಅಲ್ಲಿ ಸೇರುತ್ತಾ ಬಂದಿದೆ. 2017ರಲ್ಲಿ ಪ್ರಕಟವಾದ ಮೊದಲ ವಿವರವಾದ ನಕ್ಷೆಯ ಪ್ರಕಾರ ಅದರಲ್ಲಿರುವ ಇಂಗಾಲ ಸುಮಾರು 3,000 ಕೋಟಿ ಟನ್. ಇಡೀ ಜಲಾನಯನದ ಕಾಡು ನೆಲದ ಮೇಲೆ ಹಿಡಿದಿಟ್ಟಿರುವ ಇಂಗಾಲವೂ ಹೆಚ್ಚುಕಡಿಮೆ ಅಷ್ಟೇ. ಪೀಟ್ ಇರುವುದು ಮಾತ್ರ ಸುಮಾರು ಶೇ. 4ರಷ್ಟು ಜಾಗದಲ್ಲಿ!

ಈ ಭರಣಿಗೆ ಮಳೆಯೇ ರಸ. ಅಲ್ಲಿ ವರ್ಷಕ್ಕೆ ಸುಮಾರು 1,700 ಮಿ.ಮೀ. ಮಳೆ. ಆಗ್ನೇಯ ಏಷ್ಯಾದ ಪೀಟ್ ಪ್ರದೇಶಗಳಿಗೆ ಹೋಲಿಸಿದರೆ ಇದು ಕಡಿಮೆ. ಮಳೆ ಇನ್ನೂ ತಗ್ಗಿದರೆ ಏನಾಗುತ್ತದೆ? ಉತ್ತರ ಆ ನೆಲದಲ್ಲೇ ಇದೆ. ಪೀಟ್ ಪದರಗಳನ್ನು ಕೊರೆದು ನೋಡಿದ ವಿಜ್ಞಾನಿಗಳಿಗೆ ಸುಮಾರು 7,500ರಿಂದ 2,000 ವರ್ಷಗಳ ಹಿಂದಿನ ಪೀಟ್ ಬಹಳ ಕಡಿಮೆ ಸಿಕ್ಕಿತು. ಪದರಗಳಲ್ಲಿ ಉಳಿದಿದ್ದ ಎಲೆಯ ಮೇಣವನ್ನು ಪರೀಕ್ಷಿಸಿದಾಗ ಆ ಕಾಲದಲ್ಲಿ ಹವೆ ಒಣಗಿದ್ದು ತಿಳಿಯಿತು. ನೀರಿನ ಮಟ್ಟ ಇಳಿದು, ಹಳೆಯ ಪೀಟ್ ಕೂಡ ಗಾಳಿಗೆ ತೆರೆದುಕೊಂಡು ಕೊಳೆತು, ಇಂಗಾಲದ ಡೈಆಕ್ಸೈಡ್ ಆಗಿ ಹೋಗಿತ್ತು. 2022ರಲ್ಲಿ ಪ್ರಕಟವಾದ ಅಧ್ಯಯನ ಇದು. ಯಾರೂ ಕಾಲುವೆ ತೋಡಬೇಕಾಗಲಿಲ್ಲ, ಮಳೆ ತಗ್ಗಿದ್ದೇ ಸಾಕಾಯಿತು.

ಹಾಗೆಂದು ಮಳೆ ಹೆಚ್ಚಿದಲ್ಲೆಲ್ಲ ಇಂಗಾಲ ಉಳಿಯುತ್ತದೆ ಎಂದಲ್ಲ. ಗಂಗಾ-ಬ್ರಹ್ಮಪುತ್ರ ನದಿಗಳು ಬಂಗಾಳ ಕೊಲ್ಲಿಗೆ ತಂದು ಸುರಿದ ಹೂಳನ್ನು ಪರೀಕ್ಷಿಸಿದ 2020ರ ಅಧ್ಯಯನ ಬೇರೆಯದನ್ನೇ ಹೇಳುತ್ತದೆ. ಮುಂಗಾರು ಬಲವಾಗಿದ್ದ ಕಾಲದಲ್ಲಿ ಆ ಜಲಾನಯನದ ಮಣ್ಣು ಇಂಗಾಲವನ್ನು ಬೇಗ ಬಿಟ್ಟುಕೊಟ್ಟಿತ್ತು. ಬೆಚ್ಚಗಿನ, ಒದ್ದೆಯಾದ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಚುರುಕಾಗುತ್ತವೆ. ಒದ್ದೆಯಾಗುವುದು ಬೇರೆ, ಮುಳುಗಿರುವುದು ಬೇರೆ. ಇಂಗಾಲವನ್ನು ಕಾಯುವುದು ನಿಂತ ನೀರು.

ಕಾಂಗೋ ಜೌಗಿನ ಅಂಚಿನ ಹಳ್ಳಿಯವರು ಅಲ್ಲಿ ಮೀನು ಹಿಡಿದು ಬದುಕುತ್ತಾರೆ. ಅಪಾಯ ಹೊರಗಿನಿಂದ ಬರುತ್ತಿದೆ. 2022ರಲ್ಲಿ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯ ಹರಾಜಿಗಿಟ್ಟ ತೈಲ ಬ್ಲಾಕ್‌ಗಳಲ್ಲಿ ಕೆಲವು ಪೀಟ್ ಪ್ರದೇಶದಲ್ಲೇ ಇದ್ದವು. ರಸ್ತೆ, ಕಾಲುವೆ ಬಂದು ನೀರು ಬಸಿದುಹೋದರೆ, ಹಿಂದೆ ಬರ ಮಾಡಿದ ಕೆಲಸವನ್ನು ನಾವೇ ಮಾಡಿದಂತೆ.

ಹೊರನಾಡಿನಲ್ಲಿರುವ ನಮಗೂ ಜೌಗು ದೂರವೇನಲ್ಲ. ಚೆನ್ನೈನ ಪಳ್ಳಿಕರಣೈ, ಮುಂಬೈ ಪಕ್ಕದ ಠಾಣೆ ಖಾರಿ ಎರಡೂ 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿವೆ. ಅಲ್ಲಿರುವುದು ಕಾಂಗೋದಂಥ ಪೀಟ್ ಅಲ್ಲ. ಆದರೂ ಕೆಸರಿನ ನಿಯಮ ಒಂದೇ. ಇನ್ನು ಮುಂದೆ ಯಾರಾದರೂ ಜೌಗನ್ನು ತೋರಿಸಿ, "ಪಾಳು ಜಾಗ, ಮಣ್ಣು ತುಂಬಿಸಿದರೆ ಉಪಯೋಗಕ್ಕೆ ಬರುತ್ತದೆ" ಎಂದರೆ, ಅದು ಈಗಾಗಲೇ ಉಪಯೋಗದಲ್ಲಿದೆ ಎಂದು ಹೇಳೋಣ. ತುಂಬಿದ ಭರಣಿಯ ಮುಚ್ಚಳವನ್ನು ನಾವಾಗಿ ತೆಗೆಯುವುದು ಬೇಡ.