ವೋಚರ್ ಇಲ್ಲದ ಒಂಟೆಗಳು

ನಾನು ಚಾರ್ಟರ್ಡ್ ಅಕೌಂಟೆಂಟ್. ದಿನಾಂಕವಿಲ್ಲದ ವೋಚರ್ ಕಂಡರೆ ಸಹಿ ಹಾಕಲು ಕೈ ಏಳುವುದಿಲ್ಲ. ಇಂದು ಮಾತ್ರ ದಿನಾಂಕವೇ ಇಲ್ಲದ ಕೆಲವು ಒಂಟೆಗಳ ಬಗ್ಗೆ ಮಾತಾಡುತ್ತೇನೆ.

ಉತ್ತರ ಸೌದಿ ಅರೇಬಿಯಾದ ಅಲ್ ಜೌಫ್ ಪ್ರಾಂತ್ಯದಲ್ಲಿ, ಮರಳುಗಲ್ಲಿನ ಬಂಡೆಗಳ ಮೇಲೆ ಒಂಟೆಗಳನ್ನೂ ಕುದುರೆ ಜಾತಿಯ ಪ್ರಾಣಿಗಳನ್ನೂ ಹೆಚ್ಚುಕಡಿಮೆ ನಿಜಗಾತ್ರದಲ್ಲಿ ಉಬ್ಬುಶಿಲ್ಪವಾಗಿ ಕೆತ್ತಿದ್ದಾರೆ. 2018ರಲ್ಲಿ ಸಂಶೋಧಕರು ಇವುಗಳಿಗೆ ಸುಮಾರು 2,000 ವರ್ಷ ಎಂದು ಅಂದಾಜು ಮಾಡಿದರು. ಜೋರ್ಡಾನಿನ ಪೆಟ್ರಾದಲ್ಲಿರುವ ಒಂಟೆ ಶಿಲ್ಪಗಳೊಂದಿಗಿನ ಹೋಲಿಕೆ ಅದಕ್ಕೆ ಮುಖ್ಯ ಆಧಾರ. 2021ರಲ್ಲಿ ಬಂದ ಅಧ್ಯಯನ ಹೇಳಿದ್ದು 7,000ದಿಂದ 8,000 ವರ್ಷ! ನಮ್ಮ ಬ್ಯಾಲೆನ್ಸ್ ಶೀಟಿನಲ್ಲಿ ಇಷ್ಟು ವ್ಯತ್ಯಾಸ ಬಂದರೆ ಕೆಲಸವೇ ಹೋದೀತು.

ಆದರೆ ತಪ್ಪು ಯಾರದೂ ಅಲ್ಲ. ಕಾರ್ಬನ್ ಪರೀಕ್ಷೆಗೆ ಮೂಳೆ, ಇದ್ದಿಲಿನಂತಹ, ಒಮ್ಮೆ ಜೀವವಿದ್ದ ವಸ್ತು ಬೇಕು. ಬಂಡೆ ಕೆತ್ತುವವನು ಏನನ್ನೂ ಸೇರಿಸುವುದಿಲ್ಲ, ತೆಗೆಯುತ್ತಾನಷ್ಟೆ. ಬಂಡೆಯ ವಯಸ್ಸು ಸಿಕ್ಕರೂ ಕೆತ್ತನೆಯ ವಯಸ್ಸು ಸಿಗುವುದಿಲ್ಲ.

ಹಾಗಾಗಿ ಸುತ್ತಲಿನ ಸಾಕ್ಷಿಗಳನ್ನು ಕೇಳಿದರು. ಉಳಿಯ ಗುರುತುಗಳು ಲೋಹದವಲ್ಲ, ಕಲ್ಲಿನ ಉಪಕರಣದವು. ಮರುಭೂಮಿಯ ಬಂಡೆಗೆ ನಿಧಾನವಾಗಿ ಕಟ್ಟುವ ಕಪ್ಪು ಲೇಪದಲ್ಲಿನ ಮ್ಯಾಂಗನೀಸನ್ನು ಎಕ್ಸ್-ರೇ ಉಪಕರಣದಿಂದ ಅಳೆದರು. ಆದರೆ ಆ ಲೇಪ ಎಲ್ಲೆಡೆ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಕಳಚಿ ಬಿದ್ದ ತುಂಡಿನ ಖನಿಜ ಕಣಗಳು ಕೊನೆಯ ಬಾರಿ ಬಿಸಿಲು ಕಂಡದ್ದು ಯಾವಾಗ ಎಂದು ನೋಡಿದರು. ಅದು ತುಂಡು ಬಿದ್ದ ಕಾಲ, ಕೆತ್ತನೆ ಅದಕ್ಕೂ ಹಿಂದಿನದು. ಅಗೆದಾಗ ಸಿಕ್ಕ ಮೂಳೆಗಳು ಜನ ಅಲ್ಲಿದ್ದ ಕಾಲವನ್ನು ಹೇಳಿದವು, ಕೆತ್ತಿದವರು ಅವರೇ ಎಂದಲ್ಲ. ಒಂದೊಂದೂ ಅರೆಬರೆ ಸಾಕ್ಷಿ. ಎಲ್ಲ ಸೇರಿ ಒಂದೇ ಕಡೆ ಬೆರಳು ತೋರಿಸಿದಾಗ ಅದು ನಂಬತಕ್ಕ ಲೆಕ್ಕ. ಆಡಿಟ್ ಕೂಡ ಹೀಗೇ ಅಲ್ಲವೇ?

ಈ ಸಾಕ್ಷಿಗಳನ್ನು ಗಾಳಿ, ಮರಳು ದಿನವೂ ಸವೆಸುತ್ತಿವೆ. ನಾವೂ ಕೈ ಸೇರಿಸುತ್ತೇವೆ. ಹಿಂದೊಮ್ಮೆ ಶುಕ್ರವಾರದ ಮರುಭೂಮಿ ಪ್ರವಾಸದಲ್ಲಿ, ಫೋಟೋ ಚೆನ್ನಾಗಿ ಬರಲೆಂದು ನಾನೇ ಒಂದು ಕೆತ್ತನೆಯ ಗೆರೆಗಳ ಮೇಲೆ ಸೀಮೆಸುಣ್ಣ ತಿಕ್ಕಿದ್ದೆ. ಸುಣ್ಣದ ಪುಡಿ ಲೇಪದಲ್ಲಿ ಬೆರೆತರೆ ಮುಂದಿನ ಪರೀಕ್ಷೆಯೇ ಕೆಡಬಹುದು ಎಂದು ಆಮೇಲೆ ಓದಿ ತಿಳಿಯಿತು. ಜೀವಮಾನವೆಲ್ಲ ವೋಚರ್ ಕೇಳಿದವನು ಅಂದು ವೋಚರನ್ನೇ ಹಾಳು ಮಾಡಿದ್ದೆ.

ಹಾಯಿಲ್ ಪ್ರದೇಶದ ಜುಬ್ಬಾ, ಶುವೈಮಿಸ್ ಕೆತ್ತನೆಗಳು 2015ರಿಂದ ಯುನೆಸ್ಕೋ ವಿಶ್ವ ಪರಂಪರೆಯ ತಾಣ. ಮಕ್ಕಳನ್ನು ಕರೆದುಕೊಂಡು ಹೋಗಿ, ಕಣ್ತುಂಬ ನೋಡಿ. ಮುಟ್ಟಬೇಡಿ, ನೀರು ಹಾಕಬೇಡಿ, ಹೆಸರು ಗೀಚಬೇಡಿ. ದುಡಿಯಲು ಬಂದ ನೆಲದ ಲೆಕ್ಕಪುಸ್ತಕ ಅದು. ನಮ್ಮಿಂದ ಒಂದು ಪುಟವೂ ಹರಿಯದಿರಲಿ.