ಹಾಡಿಯ ಮಗುವಿನ ಮಾತು



ನಮ್ಮ ವಿದ್ಯಾಸಂಸ್ಥೆಗಳ ಮಾತು ಬಂದಾಗಲೆಲ್ಲ ಸಂವಿಧಾನದ 30ನೇ ವಿಧಿಯನ್ನು ನೆನೆಯುತ್ತೇವೆ. ಅದರ ಹಿಂದಿನ 29ನೇ ವಿಧಿಯನ್ನೂ ಓದಿರಿ. ತನ್ನದೇ ಭಾಷೆ, ಲಿಪಿ ಅಥವಾ ಸಂಸ್ಕೃತಿ ಇರುವ ಯಾವುದೇ ಜನವರ್ಗಕ್ಕೆ ಅದನ್ನು ಉಳಿಸಿಕೊಳ್ಳುವ ಹಕ್ಕಿದೆ. ಹುಣಸೂರು, ಎಚ್.ಡಿ. ಕೋಟೆಯ ಹಾಡಿಗಳ ಜೇನುಕುರುಬರಿಗೂ ಇದೆ. ಮನೆಯಲ್ಲಿ ತಮ್ಮದೇ ನುಡಿಯಾಡುವ ಆ ಮಕ್ಕಳಿಗೆ ಆಶ್ರಮಶಾಲೆಯ ಪುಸ್ತಕದ ಕನ್ನಡ ಹೊಸದು. ಉರ್ದು ಮನೆಮಾತಿನವರಿಗೆ ಈ ಕಷ್ಟವನ್ನು ನಾನು ವಿವರಿಸಬೇಕಿಲ್ಲ.

ಹಕ್ಕು ಕಾಗದದಲ್ಲೇ ಉಳಿಯುವುದುಂಟು. ಮಧ್ಯ ಅಮೆರಿಕದ ಗ್ವಾಟೆಮಾಲಾದಲ್ಲಿ 1995ರ ಒಪ್ಪಂದವು ಮಾಯಾ ಜನರ ಗುರುತು, ಭಾಷೆಗಳನ್ನು ಒಪ್ಪಿಕೊಂಡಿತು. ಅದನ್ನು ಸಂವಿಧಾನಕ್ಕೆ ಸೇರಿಸುವ ತಿದ್ದುಪಡಿ 1999ರ ಜನಮತಗಣನೆಯಲ್ಲಿ ಬಿದ್ದುಹೋಯಿತು. ಮತ ಹಾಕಲು ಬಂದವರೇ ಐವರಲ್ಲಿ ಒಬ್ಬರಿಗಿಂತ ಕಡಿಮೆ!

ನಮ್ಮಲ್ಲಿ, ನಾಗರಹೊಳೆ ಕಾಡಿನಿಂದ ಹೊರಬಿದ್ದವರ ಸ್ಥಿತಿ ಅರಿಯಲು ಹೈಕೋರ್ಟ್ ಸಮಿತಿ ರಚಿಸಿತು. ಅದರ ಅಧ್ಯಕ್ಷರು ಮೈಸೂರು ವಿಶ್ವವಿದ್ಯಾನಿಲಯದ ಪ್ರೊ. ಮುಜಾಫರ್ ಅಸ್ಸಾದಿ. 2014ರ ಅವರ ವರದಿ 3,418 ಕುಟುಂಬಗಳಿಗೆ ಪುನರ್ವಸತಿ ಬೇಕೆಂದಿತು. 2025ರಲ್ಲಿ ಅವರು ತೀರಿಕೊಂಡರು. ಆ ವರದಿಯನ್ನು ನಮ್ಮಲ್ಲಿ ಎಷ್ಟು ಮಂದಿ ಓದಿದ್ದೇವೆ?

ಬಿ.ಇಡಿ. ಓದುತ್ತಿರುವವರು ಇಲ್ಲಿದ್ದೀರಿ. ಹಾಡಿಯ ಶಾಲೆಗೆ ನೇಮಕವಾದರೆ, ಪಾಠ ಶುರುಮಾಡುವ ಮುನ್ನ ಮಕ್ಕಳಿಂದಲೇ ಅವರ ನುಡಿಯ ಹತ್ತು ಮಾತು ಕಲಿತುಕೊಳ್ಳಿ.