ಒತ್ತಡ ತಿಳಿಸುವ ಯಂತ್ರ, ಮಗ್ಗುಲು ಬದಲಿಸುವ ಕೈ

(ಸ್ವಸಹಾಯ ಸಂಘಗಳ ಸದಸ್ಯೆಯರಿಗಾಗಿ ನಡೆದ ಮನೆ ಆರೈಕೆ ತರಬೇತಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ನಾವು ಇಲ್ಲಿ ಕುಳಿತು ಅರ್ಧ ಗಂಟೆ ಆಯಿತು. ಈ ಅರ್ಧ ಗಂಟೆಯಲ್ಲಿ ನೀವು ಎಷ್ಟು ಸಲ ಕಾಲು ಬದಲಿಸಿದಿರಿ, ಎಷ್ಟು ಸಲ ಸ್ವಲ್ಪ ಸರಿದು ಕುಳಿತಿರಿ ಎಂದು ಲೆಕ್ಕ ಇಟ್ಟಿದ್ದೀರಾ? ಯಾರೂ ಇಟ್ಟಿರಲಿಕ್ಕಿಲ್ಲ. ಇಡುವ ಅಗತ್ಯವೂ ಇಲ್ಲ. ಒಂದು ಕಡೆ ಒತ್ತಡ ಹೆಚ್ಚಾದ ಕೂಡಲೇ ನರಗಳು ಮೆದುಳಿಗೆ ಸುದ್ದಿ ಮುಟ್ಟಿಸುತ್ತವೆ, ನಮಗೆ ಗೊತ್ತಾಗದೆಯೇ ನಾವು ಸರಿಯುತ್ತೇವೆ. ನಿದ್ದೆಯಲ್ಲೂ ಹಾಗೇ.

ಈಗ ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದ ಒಬ್ಬ ಯುವಕನನ್ನು ನೆನೆಸಿಕೊಳ್ಳಿ. ಅಥವಾ ಪಾರ್ಶ್ವವಾಯು ಬಡಿದು ಮಲಗಿದ ನಿಮ್ಮ ಅತ್ತೆಯನ್ನು. ಆ ಯುವಕನಿಗೆ ಒತ್ತಡ ತಿಳಿಯುವುದೇ ಇಲ್ಲ. ಅತ್ತೆಗೆ ತಿಳಿದರೂ ಸರಿಯಲು ಶಕ್ತಿಯಿಲ್ಲ. ಮೂಳೆ ಮತ್ತು ಹಾಸಿಗೆಯ ನಡುವೆ ಸಿಕ್ಕಿದ ಮಾಂಸಕ್ಕೆ ರಕ್ತ ಹರಿಯುವುದಿಲ್ಲ. ಕೆಲವೇ ಗಂಟೆಗಳಲ್ಲಿ ಒಳಗಿನ ಮಾಂಸ ಸಾಯಲು ಶುರುವಾಗಬಹುದು. ಇದೇ ಹಾಸಿಗೆ ಹುಣ್ಣು. ಬರಲು ಒಂದು ರಾತ್ರಿ ಸಾಕು, ಗುಣವಾಗಲು ತಿಂಗಳುಗಟ್ಟಲೆ ಬೇಕು. ನಂಜೇರಿದರೆ ಜೀವಕ್ಕೇ ಅಪಾಯ.

ಈಚೆಗೆ ಸಂಘಗಳಲ್ಲಿ ಸಾಲದ ಅರ್ಜಿ ಬರುವಾಗ "ಗಾಳಿ ಹಾಸಿಗೆಗೆ" ಎಂದು ಕಾರಣ ಬರೆದಿರುವುದನ್ನು ನೋಡುತ್ತೇವೆ. ಸಾಲ ಕೊಡಬೇಕಾ ಬೇಡವಾ ಎಂದು ತೀರ್ಮಾನಿಸುವವರು ನೀವೇ. ಆದ್ದರಿಂದ ಈ ಯಂತ್ರಗಳು ಏನು ಮಾಡುತ್ತವೆ, ಏನು ಮಾಡುವುದಿಲ್ಲ ಎಂಬುದು ನಿಮಗೆ ಗೊತ್ತಿರಬೇಕು.

ಒತ್ತಡವನ್ನು ಯಂತ್ರ ಹೇಗೆ ತಿಳಿಯುತ್ತದೆ?

ಹಾಲಿನ ಸೊಸೈಟಿಯ ತೂಕದ ಯಂತ್ರ ನೋಡಿದ್ದೀರಿ. ಮೇಲೆ ಭಾರ ಬಿದ್ದಾಗ ಒಳಗಿನ ಲೋಹ ಕೂದಲೆಳೆಯಷ್ಟು ಬಾಗುತ್ತದೆ. ಅದರಿಂದ ವಿದ್ಯುತ್ತಿನಲ್ಲಿ ಆಗುವ ವ್ಯತ್ಯಾಸವನ್ನು ಯಂತ್ರ ಅಂಕಿಯಾಗಿ ತೋರಿಸುತ್ತದೆ. ಆದರೆ ಅದು ಹೇಳುವುದು ಒಟ್ಟು ತೂಕ ಮಾತ್ರ. ಒಬ್ಬ ಮನುಷ್ಯ 60 ಕಿಲೋ ಇದ್ದಾನೆ ಎಂದು ಗೊತ್ತಾದರೆ ಸಾಲದು. ಆ 60 ಕಿಲೋ ಯಾವ ಮೂಳೆಯ ಮೇಲೆ ಎಷ್ಟು ಕೂತಿದೆ ಎಂಬುದು ಮುಖ್ಯ.

ಅದಕ್ಕೆಂದೇ ಒತ್ತಡ ಅಳೆಯುವ ಹಾಸು ಎಂಬುದಿದೆ. ತೆಳುವಾದ ಬಟ್ಟೆಯಂಥ ಹಾಸಿನೊಳಗೆ ಚೌಕಾಬಾರದ ಮನೆಗಳ ಹಾಗೆ ನೂರಾರು ಪುಟ್ಟ ಸೆನ್ಸರುಗಳು. ರೋಗಿ ಅದರ ಮೇಲೆ ಕುಳಿತರೆ ಕಂಪ್ಯೂಟರಿನಲ್ಲಿ ಬಣ್ಣದ ಚಿತ್ರ ಬರುತ್ತದೆ. ಒತ್ತಡ ಕಡಿಮೆ ಇದ್ದಲ್ಲಿ ನೀಲಿ, ಜಾಸ್ತಿ ಇದ್ದಲ್ಲಿ ಕೆಂಪು. ಬೆನ್ನುಹುರಿ ಪುನಶ್ಚೇತನ ಕೇಂದ್ರಗಳಲ್ಲಿ ಗಾಲಿಕುರ್ಚಿಗೆ ಯಾವ ದಿಂಬು ಸರಿ ಎಂದು ಆರಿಸಲು ಇದನ್ನು ಬಳಸುತ್ತಾರೆ. ನಮ್ಮ ಈಗಿನ ಮೊಬೈಲಿನ ಪರದೆ ಹೀಗಲ್ಲ. ಅದು ಸಾಮಾನ್ಯವಾಗಿ ಬೆರಳು ತಾಗಿದ್ದನ್ನು ತಿಳಿಯುತ್ತದೆ, ಎಷ್ಟು ಜೋರಾಗಿ ಒತ್ತಿದಿರಿ ಎಂದು ಅಳೆಯುವುದಿಲ್ಲ.

ಎಷ್ಟು ಒತ್ತಡವಾದರೆ ಅಪಾಯ? 1930ರಲ್ಲಿ ಲ್ಯಾಂಡಿಸ್ ಎಂಬ ವಿಜ್ಞಾನಿ ಬೆರಳಿನ ಚರ್ಮದ ಅತಿಸಣ್ಣ ರಕ್ತನಾಳಗಳ ಒತ್ತಡ ಅಳೆದಾಗ, ರಕ್ತ ಒಳಬರುವ ಬದಿಯಲ್ಲಿ ಸರಾಸರಿ 32 ಮಿಲಿಮೀಟರ್ ಸಿಕ್ಕಿತು. ಆಸ್ಪತ್ರೆಯಲ್ಲಿ ನಮ್ಮ ಬಿ.ಪಿ. ನೋಡಿ 120, 80 ಎನ್ನುತ್ತಾರಲ್ಲ, ಅದೇ ಅಳತೆ. ಅಂದರೆ ಈ ನಾಳಗಳು ಎಷ್ಟು ಸುಲಭವಾಗಿ ಮುಚ್ಚಿಹೋಗಬಹುದು ಯೋಚಿಸಿ. ಆದರೆ ಎಲ್ಲರಿಗೂ ಒಂದೇ ಅಂಕಿ ಹೊಂದುವುದಿಲ್ಲ. ಒಣಗಿದ ದೇಹ, ಒದ್ದೆ ಬಟ್ಟೆ, ಎಳೆದಾಟದ ಉಜ್ಜುವಿಕೆ, ಎಷ್ಟು ಹೊತ್ತು ಒತ್ತಡ ಇತ್ತು, ಎಲ್ಲವೂ ಸೇರುತ್ತವೆ.

ಅಂಗಡಿಯ ಗಾಳಿ ಹಾಸಿಗೆ

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಔಷಧಿ ಅಂಗಡಿಯಲ್ಲಿ ಸಿಗುವ ಸಾಧಾರಣ ಗಾಳಿ ಹಾಸಿಗೆ ಒತ್ತಡವನ್ನು ತಿಳಿಯುವುದಿಲ್ಲ. ಪಂಪು ಕೆಲವು ನಿಮಿಷಗಳಿಗೊಮ್ಮೆ ಒಂದು ಸಾಲು ಗುಳ್ಳೆಗೆ ಗಾಳಿ ತುಂಬಿ ಇನ್ನೊಂದು ಸಾಲಿನಿಂದ ತೆಗೆಯುತ್ತದೆ, ಅಷ್ಟೆ. ಮೇಲೆ ಯಾರು ಮಲಗಿದ್ದಾರೆ ಎಂದು ಅದಕ್ಕೆ ಗೊತ್ತಿಲ್ಲ. ತಾನೇ ಅಳೆದು ಗಾಳಿ ಹೊಂದಿಸುವ ಹಾಸಿಗೆಗಳು ಬೇರೆ, ಅವುಗಳ ಬೆಲೆಯೂ ಬೇರೆ. ಕೊಳ್ಳುವಾಗ ಇದನ್ನು ಕೇಳಿ ತಿಳಿದುಕೊಳ್ಳಿ. ಕರೆಂಟು ಹೋದರೆ ಗಾಳಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದೂ ಕೇಳಿ.

ಹಾಸಿಗೆ ಸರಿ ಕೆಲಸ ಮಾಡುತ್ತಿದೆಯಾ ಎಂದು ನೋಡಲು ಕೈಯೇ ಸಾಕು. ರೋಗಿ ಮಲಗಿರುವಾಗ, ಸೊಂಟದ ಕೆಳಗೆ ಬರುವ ಹಾಗೆ, ಗಾಳಿ ಹಾಸಿಗೆಯ ಅಡಿಗೆ ಅಂಗೈ ಮೇಲೆ ಮಾಡಿ ತೂರಿಸಿ. ಕೈಗೂ ರೋಗಿಯ ಮೂಳೆಗೂ ನಡುವೆ ಒಂದು ಅಂಗುಲದಷ್ಟಾದರೂ ಗಾಳಿಯ ಮೆತ್ತೆ ಇರಬೇಕು. ಮೂಳೆ ಕೈಗೆ ತಾಗಿದರೆ ಆ ಹಾಸಿಗೆ ಇದ್ದೂ ಇಲ್ಲದ ಹಾಗೆ.

ಬೀಪ್ ಶಬ್ದ ಯಾಕೆ ಸೋತಿತು?

ಡಾಕ್ಟರ್ ಪಾಲ್ ಬ್ರ್ಯಾಂಡ್ ಅವರ ಅನುಭವ ನಾವು ತಿಳಿಯಬೇಕಾದದ್ದು. 1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಹುಟ್ಟಿದ ಅವರು 1946ರಲ್ಲಿ ವೆಲ್ಲೂರಿಗೆ ವೈದ್ಯರಾಗಿ ಬಂದರು. ಕುಷ್ಠರೋಗಿಗಳ ಕೈಕಾಲು ಸವೆಯುವುದು ನೇರವಾಗಿ ರೋಗದಿಂದಲ್ಲ, ನೋವು ತಿಳಿಯದೆ ಆಗುವ ಒತ್ತಡ, ಗಾಯ, ಸುಟ್ಟಗಾಯಗಳಿಂದ ಎಂದು ತೋರಿಸಿಕೊಟ್ಟವರಲ್ಲಿ ಅವರು ಮುಖ್ಯರು. ಕಾಲಿನ ಒತ್ತಡ ಹಂಚುವ ಮೆತ್ತನೆಯ ಎಂ.ಸಿ.ಆರ್. ಚಪ್ಪಲಿ ನಮ್ಮಲ್ಲಿ ಬಳಕೆಗೆ ಬಂದದ್ದರಲ್ಲೂ ಅವರ ಪಾಲಿದೆ.

1966ರಲ್ಲಿ ಅವರು ಅಮೆರಿಕದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಗೆ ಹೋದರು. ಅಲ್ಲಿ ಎಂಜಿನಿಯರುಗಳ ಜೊತೆ ಸೇರಿ ಕೈಗವಸು, ಕಾಲುಚೀಲಗಳಿಗೆ ಒತ್ತಡದ ಸೆನ್ಸರು ಜೋಡಿಸುವ ಪ್ರಯೋಗ ಮಾಡಿದರು. ಒತ್ತಡ ಮೀರಿದರೆ ಕಿವಿಯಲ್ಲಿ ಶಬ್ದ ಬರಬೇಕು. ಶಬ್ದವೇನೋ ಬಂತು. ಆದರೆ ಕೈಯಲ್ಲಿ ಕೆಲಸ ಇರುವಾಗ ರೋಗಿಗಳು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕೊನೆಗೆ ಸಣ್ಣ ವಿದ್ಯುತ್ ಶಾಕ್ ಕೊಟ್ಟು ನೋಡಿದರು. ಕೆಲಸ ಮುಗಿಸಬೇಕೆಂದಾಗ ರೋಗಿ ಅದರ ಸ್ವಿಚ್ಚನ್ನೇ ಆರಿಸಿಬಿಡುತ್ತಿದ್ದ! ಆ ಪ್ರಯೋಗವನ್ನು ಅವರು ಕೈಬಿಡಬೇಕಾಯಿತು.

ಇದರಲ್ಲಿ ನಮಗೆ ಪಾಠವಿದೆ. ನೋವು ನಮ್ಮನ್ನು ಬಿಡದೆ ಎಬ್ಬಿಸುತ್ತದೆ. ಯಂತ್ರ ತಿಳಿಸುತ್ತದೆ, ಆದರೆ ಏಳಬೇಕಾದವರು ಮನುಷ್ಯರು. ಅಳೆಯುವ ಹಾಸು ಕೆಂಪು ಬಣ್ಣ ತೋರಿಸಿದರೂ ರೋಗಿಯ ಮಗ್ಗುಲು ಬದಲಿಸುವುದು ಒಂದು ಜೊತೆ ಕೈ. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ 1944ರಿಂದ ಡಾಕ್ಟರ್ ಗುಟ್ಮನ್ ಬೆನ್ನುಹುರಿ ಮುರಿದ ಸೈನಿಕರನ್ನು ಹಗಲೂ ರಾತ್ರಿ ಎರಡು ಗಂಟೆಗೊಮ್ಮೆ ಹೊರಳಿಸುವ ಪದ್ಧತಿ ತಂದರು. ಹಾಸಿಗೆ ಹುಣ್ಣಿನಿಂದ ಸಾಯುತ್ತಾರೆಂದು ಆಸೆ ಬಿಟ್ಟಿದ್ದವರು ಬದುಕಿ ಗಾಲಿಕುರ್ಚಿಯಲ್ಲಿ ಕೂತರು. ಆಗ ಸೆನ್ಸರು ಇರಲಿಲ್ಲ. ಗಡಿಯಾರ ಇತ್ತು, ಕೈಗಳಿದ್ದವು.

ಮನೆಯಲ್ಲಿ ಮಾಡಬೇಕಾದದ್ದು

1. ಸಾಧಾರಣವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಗಾಳಿ ಹಾಸಿಗೆ ಇದ್ದರೂ ಇದು ತಪ್ಪಬಾರದು. ಎಷ್ಟು ಹೊತ್ತಿಗೊಮ್ಮೆ ಎಂದು ದಾದಿಯರನ್ನೂ ಕೇಳಿ. ಪೂರ್ತಿ ಪಕ್ಕಕ್ಕೆ ಬೇಡ, ಬೆನ್ನಿಗೆ ದಿಂಬು ಕೊಟ್ಟು ಸ್ವಲ್ಪ ಓರೆಯಾಗಿ ಮಲಗಿಸಿ. ಎಳೆಯಬೇಡಿ, ಇಬ್ಬರು ಸೇರಿ ಬೆಡ್‌ಶೀಟಿನಿಂದ ಎತ್ತಿ ಸರಿಸಿ.

2. ದಿನಕ್ಕೆರಡು ಸಲ ಸೊಂಟದ ಹಿಂದೆ, ತೊಡೆಯ ಪಕ್ಕ, ಹಿಮ್ಮಡಿ, ಮೊಣಕೈ, ತಲೆಯ ಹಿಂಭಾಗ ನೋಡಿ. ಕೆಂಪಾದ ಜಾಗವನ್ನು ಬೆರಳಿನಿಂದ ಮೂರು ಸೆಕೆಂಡು ಒತ್ತಿ ಬಿಡಿ. ಬಣ್ಣ ಬಿಳಿಚದಿದ್ದರೆ ಹುಣ್ಣು ಶುರುವಾಗಿದೆ ಎಂದೇ ತಿಳಿಯಿರಿ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಸ್ಪಷ್ಟವಾಗಿ ಕಾಣದಿರಬಹುದು. ಬಿಸಿ, ಗಟ್ಟಿತನ, ಬಣ್ಣ ಇನ್ನೂ ಕಪ್ಪಾದದ್ದು, ಇವನ್ನು ಕೈಯಿಂದ ಮುಟ್ಟಿ ನೋಡಿ.

3. ಆ ಜಾಗವನ್ನು ತಿಕ್ಕಬೇಡಿ, ಎಣ್ಣೆ ಹಾಕಿ ನೀವಬೇಡಿ. ಟೈರಿನ ಟ್ಯೂಬಿನಂಥ ಉಂಗುರದ ಮೇಲೆ ಕೂರಿಸಬೇಡಿ, ಸುತ್ತಲಿನ ರಕ್ತವನ್ನೇ ಅದು ತಡೆಯುತ್ತದೆ. ನೀರು ತುಂಬಿದ ಕೈಗವಸೂ ಬೇಡ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿಯನ್ನು ಎತ್ತರಿಸಿ.

4. ಗಾಲಿಕುರ್ಚಿಯಲ್ಲಿ ಕೂತವರು 15ರಿಂದ 30 ನಿಮಿಷಕ್ಕೊಮ್ಮೆ ಮುಂದಕ್ಕೆ ಬಾಗಲಿ, ಅಥವಾ ಕೈಯೂರಿ ಮೈ ಎತ್ತಲಿ.

5. ಚರ್ಮ ಒಡೆದರೆ, ವಾಸನೆ ಬಂದರೆ, ಜ್ವರ ಬಂದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಕೂಡಲೇ ವೈದ್ಯರಿಗೆ ತೋರಿಸಿ.

ಕೊನೆಗೆ ಒಂದು ಮಾತು. ಎರಡು ಗಂಟೆಗೊಮ್ಮೆ ಎಂದು ಹೇಳುವುದು ನನಗೆ ಸುಲಭ. ಹಗಲು ಬೀಡಿ ಕಟ್ಟಿ ಅಥವಾ ಕೂಲಿಗೆ ಹೋಗಿ, ರಾತ್ರಿ ನಾಲ್ಕೈದು ಸಲ ಏಳಬೇಕಾದ ಒಬ್ಬ ಹೆಂಗಸಿಗೆ ಇದು ಆಗುವ ಕೆಲಸವಾ? ಅವಳ ಮೈಯ ಮೇಲಿನ ಒತ್ತಡವನ್ನು ಯಾವ ಹಾಸೂ ಅಳೆಯುವುದಿಲ್ಲ. ಅದನ್ನು ನೀವು ಅಳೆಯಬಲ್ಲಿರಿ. ಸಂಘದಲ್ಲಿ ಅಂಥ ಸದಸ್ಯೆ ಇದ್ದರೆ ಒಂದು ಪಾಳಿ ಪಟ್ಟಿ ಮಾಡಿ. ಹಗಲು ಇಬ್ಬರು ಹೋಗಿ ಎರಡು ಸಲ ಮಗ್ಗುಲು ಬದಲಿಸಿದರೆ ಅವಳು ಅಷ್ಟು ಹೊತ್ತು ನಿದ್ದೆ ಮಾಡಿಯಾಳು. ಮನೆಯ ಗಂಡಸರೂ ಮಕ್ಕಳೂ ಇದನ್ನು ಕಲಿಯಲಿ. ಗಾಳಿ ಹಾಸಿಗೆಗೆ ಸಾಲ ಖಂಡಿತ ಕೊಡಿ, ಅದರಿಂದ ಸಹಾಯವಿದೆ. ಸಾಧ್ಯವಾದರೆ ಒಕ್ಕೂಟದ ಹೆಸರಲ್ಲಿ ಒಂದು ಕೊಂಡು, ಬೇಕಾದ ಮನೆಗೆ ಕೊಟ್ಟು, ತೊಳೆದು ವಾಪಸ್ ಪಡೆಯಿರಿ. ಆದರೆ ಅರ್ಜಿ ಮಂಜೂರು ಮಾಡುವ ದಿನವೇ "ರಾತ್ರಿ ಯಾರು ಏಳ್ತಾರೆ?" ಎಂಬ ಪ್ರಶ್ನೆಯನ್ನೂ ಕೇಳಿ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆದಿಡಿ.